ಗುಳಿಗೆ ಡಬ್ಬಿಗೆ ಕೈ ಹಾಕುವ ಮುನ್ನ

ಬಂಧುಬಳಗದಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾಗುವುದೇ ತಡ, ಮನೆ ತುಂಬ ಡಬ್ಬಿಗಳು ಬಂದು ಕೂರುತ್ತವೆ. ಅಮೆರಿಕದಲ್ಲಿರೋ ಮಗಳು ಕಳಿಸಿದ ವಿಟಮಿನ್, ಪಕ್ಕದ ಮನೆಯವರು ತಂದ ಅರಿಶಿನದ ಕ್ಯಾಪ್ಸೂಲ್, ಯಾರೋ ಹೇಳಿದ ಗೋಧಿ ಹುಲ್ಲಿನ ಪುಡಿ. ಎಲ್ಲದರ ಮೇಲೂ ‘ಆಂಟಿಆಕ್ಸಿಡೆಂಟ್’ ಅಂತ ದಪ್ಪ ಅಕ್ಷರ. ತಂದವರ ಮನಸ್ಸು ಒಳ್ಳೆಯದೇ, ಅನುಮಾನ ಬೇಡ. ಆದರೆ ನಾದಿನಿ, ಓರಗಿತ್ತಿ, ಅಕ್ಕನ ಮಗ ಅಂತ ಎಷ್ಟೋ ಜನರ ಜೊತೆ ಆಸ್ಪತ್ರೆ ಬೆಂಚಿನ ಮೇಲೆ ಕೂತು ಎದ್ದವಳು ನಾನು. ಅಲ್ಲಿ ಕಂಡದ್ದು, ಡಾಕ್ಟರ ಬಾಯಿಂದ ಕೇಳಿದ್ದು, ಆಮೇಲೆ ಕನ್ನಡಕ ಏರಿಸಿಕೊಂಡು ಓದಿ ತಿಳಿದದ್ದು ಎಲ್ಲ ಸೇರಿಸಿ ಹೇಳ್ತೀನಿ. ಅಲ್ಲಲ್ಲಿ ಗದರಿದರೆ ಬೇಜಾರು ಮಾಡ್ಕೋಬೇಡಿ.

• ಇವತ್ತೇ ಮನೆಯ ಔಷಧಿ ಡಬ್ಬಿಯನ್ನು ಒಂದು ಪೇಪರಿನ ಮೇಲೆ ಸುರಿದು ನೋಡಿ. ಕೊರೊನಾ ಕಾಲದಲ್ಲಿ ತಂದಿಟ್ಟ ವಿಟಮಿನ್ ಸಿ, ಜಿಂಕ್ ಸ್ಟ್ರಿಪ್ಪುಗಳು ಇನ್ನೂ ಕೆಲವರ ಮನೆಯಲ್ಲಿ ಬೆಚ್ಚಗೆ ಕೂತಿವೆ. ತಾರೀಖು ಮುಗಿದದ್ದನ್ನು ಕತ್ತರಿಸಿ ಕಸಕ್ಕೆ ಹಾಕಿ. ‘ಸುಮ್ಮನೆ ಯಾಕೆ ದಂಡ’ ಅಂತ ಕೆಲಸಕ್ಕೆ ಬರುವವರ ಕೈಗೆ ಕೊಡಬೇಡಿ. ನಮಗೆ ಬೇಡವಾದದ್ದು ಅವರ ಮನೆಗೆ ಹೇಗೆ ಬೇಕಾಗುತ್ತೆ?

• ಡಬ್ಬಿಯ ಮುಂಭಾಗ ಓದಬೇಡಿ, ಹಿಂಭಾಗ ಓದಿ. ಮುಂದೆ ಇರೋದು ವ್ಯಾಪಾರ, ಹಿಂದೆ ಇರೋದು ಸಾಮಾನಿನ ಪಟ್ಟಿ. ವಿಟಮಿನ್ ಎ, ಸಿ, ಇ, ಬೀಟಾ ಕ್ಯಾರೋಟಿನ್, ಸೆಲೆನಿಯಂ, ಲೈಕೋಪೀನ್, ಕರ್ಕ್ಯುಮಿನ್, ಗ್ಲುಟಾಥಯೋನ್, ಅಸಿಟೈಲ್‌ಸಿಸ್ಟೀನ್, ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಇವೆಲ್ಲ ಒಂದೇ ಗುಂಪಿನವು, ಜೀವಕೋಶವನ್ನು ಆಕ್ಸಿಡೀಕರಣದ ಹೊಡೆತದಿಂದ ಕಾಯುವ ಆಂಟಿಆಕ್ಸಿಡೆಂಟ್ ಗುಂಪಿನವು. ಅಕ್ಷರ ಇರುವೆ ಸಾಲಿನಷ್ಟು ಸಣ್ಣದು ಅಂತ ನನಗೂ ಗೊತ್ತು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

• ಎಷ್ಟು ಮಿಲಿಗ್ರಾಂ ಅಂತ ನೋಡಿ. ನಮ್ಮ ದೇಶದ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಇದ್ದರೆ ಸಾಕು. ಚೀಪುವ ಗುಳಿಗೆ ಒಂದೊಂದೂ 500 ಮಿಲಿಗ್ರಾಂ. ಒಂದು ಹದವಾದ ಸೀಬೆಹಣ್ಣು ಕಚ್ಚಿ ತಿಂದರೆ ಆ ದಿನದ ಸಿ ಮುಗಿಯಿತು. ಜೊತೆಗೆ ಹೊಟ್ಟೆಗೂ ಒಂದಿಷ್ಟು ನಾರು.

• ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಅವರಿಗೆ ಬೀಟಾ ಕ್ಯಾರೋಟಿನ್ ಗುಳಿಗೆ ಕೊಡಲೇಬೇಡಿ. ಇದನ್ನು ಬೇಕಾದರೆ ಫ್ರಿಜ್ಜಿನ ಮೇಲೆ ಅಂಟಿಸಿ. ‘ಸೇದೋದು ಬಿಡಲ್ಲ, ಗುಳಿಗೆನಾದ್ರೂ ತಿನ್ಲಿ, ಶ್ವಾಸಕೋಶ ಉಳೀಲಿ’ ಅಂತ ಎಷ್ಟು ಹೆಂಡತಿಯರು ಅಂದುಕೊಂಡಿದ್ದಾರೋ! ಫಿನ್ಲೆಂಡಿನ ದೊಡ್ಡ ಡಾಕ್ಟರುಗಳೂ ಹೀಗೇ ಅಂದುಕೊಂಡಿದ್ದರು. 50ರಿಂದ 69 ವಯಸ್ಸಿನ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರನ್ನು ಸೇರಿಸಿ, ಕೆಲವರಿಗೆ ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಕೆಲವರಿಗೆ ಬರೀ ಹುಸಿ ಗುಳಿಗೆ ಅಂತ ವರ್ಷಗಟ್ಟಲೆ ಕೊಟ್ಟರು. 1994ರಲ್ಲಿ ಲೆಕ್ಕ ಹೊರಬಂತು. ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಕಮ್ಮಿ ಅಲ್ಲ ಕಣ್ರೀ, ಹೆಚ್ಚು.

ಅದೇ ಹೊತ್ತಿಗೆ ಅಮೆರಿಕದಲ್ಲೂ ಸಿಗರೇಟಿನವರು ಮತ್ತು ಕಲ್ನಾರಿನ ಧೂಳಿನಲ್ಲಿ ದುಡಿದವರು ಸೇರಿ 18 ಸಾವಿರಕ್ಕೂ ಹೆಚ್ಚು ಜನರ ಮೇಲೆ ಇಂಥದ್ದೇ ಪ್ರಯೋಗ ನಡೆದಿತ್ತು. ಅಲ್ಲಿ ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೂಡ. ಶ್ವಾಸಕೋಶದ ಕ್ಯಾನ್ಸರ್ ಶೇ. 28ರಷ್ಟು ಜಾಸ್ತಿಯಾದದ್ದು ಕಂಡು 1996ರ ಜನವರಿಯಲ್ಲಿ, ಮುಗಿಯಬೇಕಾದ್ದಕ್ಕಿಂತ 21 ತಿಂಗಳು ಮೊದಲೇ ನಿಲ್ಲಿಸಿಬಿಟ್ಟರು. ಅಷ್ಟು ಖರ್ಚು ಮಾಡಿ ಹಚ್ಚಿದ ಪ್ರಯೋಗವನ್ನು ಯಾರೂ ಸುಮ್ಮನೆ ನಿಲ್ಲಿಸಲ್ಲ.

• ಹಾಗಂತ ಕ್ಯಾರೆಟ್ ತರೋದು ನಿಲ್ಲಿಸಬೇಡಿ. ಯಾರೋ ಒಬ್ಬರು ಇದನ್ನು ಕೇಳಿ ಹೋಗಿ ಪಲ್ಯಕ್ಕೂ ಕ್ಯಾರೆಟ್ ಹಾಕೋದು ಬಿಟ್ಟರಂತೆ. ಕೋಸಂಬರಿಯ ಕ್ಯಾರೆಟ್ಟೇ ಬೇರೆ, ಅದರ ಒಂದೇ ಅಂಶವನ್ನು ಹಿಂಡಿ ತೆಗೆದು ವರ್ಷಗಟ್ಟಲೆ ದಿನಾ ನುಂಗೋದೇ ಬೇರೆ.

• ಸೇದುವವರಿಗೆ ಗುಳಿಗೆ ಹುಡುಕುವ ಬದಲು ಸೇದೋದು ಬಿಡಿಸುವ ದಾರಿ ಹುಡುಕಿ. ಒಂದು ದಿನದ ಸಿಗರೇಟಿನ ದುಡ್ಡಿನಲ್ಲಿ ಮನೆಮಂದಿಗೆಲ್ಲ ಹಣ್ಣು ಬರುತ್ತೆ.

• ಎಲೆ ಅಡಿಕೆ ಹಾಕುವವರ, ಗುಟ್ಕಾ ಜಗಿಯುವವರ ಬಾಯನ್ನು ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು ನೋಡಿ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಕೆಂಪು ಮಚ್ಚೆ ಇದ್ದರೆ, ಬಾಯಿ ಮೊದಲಿನಷ್ಟು ಅಗಲಕ್ಕೆ ತೆರೆಯದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ‘ವಿಟಮಿನ್ ಕಮ್ಮಿ ಆಗಿರಬೇಕು’ ಅಂತ ಮೆಡಿಕಲ್ ಶಾಪಿನಿಂದ ಕೆಂಪು ಸಿರಪ್ ತಂದು ಕುಡಿಸುತ್ತ ಕೂರಬೇಡಿ. ತಿರುವನಂತಪುರದಲ್ಲಿ ಇಂಥ ಬಿಳಿ ಮಚ್ಚೆಯವರಿಗೆ ವಿಟಮಿನ್ ಎ, ಬೀಟಾ ಕ್ಯಾರೋಟಿನ್ ಕೊಟ್ಟು ನೋಡಿದ್ದರು. ಎಷ್ಟೋ ಜನರಿಗೆ ಮಚ್ಚೆ ಮಾಯವೇ ಆಯಿತು, ನಿಜ. ಗುಳಿಗೆ ನಿಲ್ಲಿಸಿದ ಮೇಲೆ ಅವರಲ್ಲಿ ಬಹಳಷ್ಟು ಜನರಿಗೆ ಮತ್ತೆ ಬಂತು. ಅಡಿಕೆ ನಮ್ಮ ಮಲೆನಾಡಿನ ಅನ್ನದ ಬೆಳೆ, ತಾಂಬೂಲ ಇಲ್ಲದೆ ಶುಭಕಾರ್ಯ ಇಲ್ಲ, ಎಲ್ಲ ಸರಿ. ತಟ್ಟೆಯಲ್ಲಿ ಇಟ್ಟು ಕೊಡಿ. ದವಡೆಯಲ್ಲಿ ಇಟ್ಟು ಮಲಗಬೇಡಿ.

• ಕೂದಲಿಗೆ, ಚರ್ಮಕ್ಕೆ, ಕಾಲು ಸೆಳೆತಕ್ಕೆ ಅಂತ ವಿಟಮಿನ್ ಇ ಕ್ಯಾಪ್ಸೂಲ್ ವರ್ಷಾನುಗಟ್ಟಲೆ ನುಂಗುವವರು ಒಂದು ಸಲ ಯೋಚಿಸಿ. ಯಾರು ಬರೆದುಕೊಟ್ಟದ್ದು, ಯಾವಾಗ, ಎಷ್ಟು ದಿನಕ್ಕೆ ಅಂತ ಚೀಟಿ ಹುಡುಕಿ. ಬಹಳ ಮನೆಗಳಲ್ಲಿ ಚೀಟಿ ಇರೋದೇ ಇಲ್ಲ, ಅಭ್ಯಾಸ ಮಾತ್ರ ಇರುತ್ತೆ. ಅಮೆರಿಕ, ಕೆನಡಾ ಕಡೆಯ 35 ಸಾವಿರಕ್ಕೂ ಹೆಚ್ಚು ಆರೋಗ್ಯವಂತ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ತಪ್ಪಲಿ ಅಂತ ವಿಟಮಿನ್ ಇ, ಸೆಲೆನಿಯಂ ಕೊಟ್ಟು ನೋಡಿದರು. ಉಪಯೋಗ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು. 2011ರಲ್ಲಿ ಮತ್ತೆ ಲೆಕ್ಕ ಹಾಕಿದರೆ, ದಿನಾ 400 ಯೂನಿಟ್ ವಿಟಮಿನ್ ಇ ಒಂದನ್ನೇ ತಿಂದವರಲ್ಲಿ ಆ ಕ್ಯಾನ್ಸರೇ ಶೇ. 17ರಷ್ಟು ಹೆಚ್ಚು. ಅಗ್ಗವಾಗಿ ಸಿಗುತ್ತೆ ಅನ್ನೋದು ನುಂಗೋದಕ್ಕೆ ಕಾರಣ ಅಲ್ಲ. ಮನೆಯ ಯಜಮಾನರು ಹೆಂಡತಿಯ ಡಬ್ಬಿಯಿಂದ ‘ನನಗೂ ಒಂದು ಇರಲಿ’ ಅಂತ ತೆಗೆದುಕೊಳ್ಳೋದನ್ನೂ ನಿಲ್ಲಿಸಿ.

• ಈಗಾಗಲೇ ಕ್ಯಾನ್ಸರ್ ಇರುವವರಿಗೆ ಇಂಥ ಗುಳಿಗೆಗಳನ್ನು ‘ಶಕ್ತಿಗೆ’ ಅಂತ ನೀವಾಗಿ ನೀವೇ ಕೊಡಬೇಡಿ. ಈ ಮಾತಿಗಾಗಿಯೇ ಇಷ್ಟೆಲ್ಲ ಹೇಳ್ತಿರೋದು, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಗದ್ದೆಗೆ ನೀರು ಬಿಟ್ಟರೆ ಪೈರು ಮಾತ್ರ ಕುಡಿಯುತ್ತಾ? ಕಳೆಯೂ ಕುಡಿಯುತ್ತೆ. ಆಂಟಿಆಕ್ಸಿಡೆಂಟ್ ಕೂಡ ಒಳ್ಳೆ ಜೀವಕೋಶ ಯಾವುದು, ಕೆಟ್ಟದ್ದು ಯಾವುದು ಅಂತ ವಿಚಾರಿಸಿ ಕಾಯುವುದಿಲ್ಲ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಶ್ವಾಸಕೋಶದ ಗಡ್ಡೆ ಶುರುವಾಗಿದ್ದ ಇಲಿಗಳಿಗೆ ವಿಟಮಿನ್ ಇ ಮತ್ತು ಅಸಿಟೈಲ್‌ಸಿಸ್ಟೀನ್ ತಿನ್ನಿಸಿ ನೋಡಿದರು. ಗಡ್ಡೆ ಬೇಗ ಬೆಳೆಯಿತು, ಇಲಿಗಳು ಬೇಗ ಸತ್ತವು. ಅದು 2014. ಮರುವರ್ಷ ಅವರೇ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಇರುವ ಇಲಿಗಳಲ್ಲಿ ನೋಡಿದರೆ, ಮೂಲದ ಗಡ್ಡೆ ಹಾಗೇ ಇತ್ತು, ಕಾಯಿಲೆ ಮಾತ್ರ ದುಗ್ಧಗ್ರಂಥಿಗಳಿಗೆ ಜಾಸ್ತಿ ಹರಡಿತ್ತು. ಅದೇ 2015ರಲ್ಲಿ ಅಮೆರಿಕದ ಡಲ್ಲಾಸ್‌ನವರು ಇನ್ನೊಂದು ವಿಷಯ ಕಂಡರು. ಗಡ್ಡೆಯಿಂದ ಕಳಚಿಕೊಂಡು ರಕ್ತಕ್ಕೆ ಇಳಿದ ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿನವು ಅಲ್ಲಿನ ಆಕ್ಸಿಡೀಕರಣದ ಹೊಡೆತ ತಾಳಲಾರದೆ ಸಾಯುತ್ತವಂತೆ. ಆಂಟಿಆಕ್ಸಿಡೆಂಟ್ ಕೊಟ್ಟ ಇಲಿಗಳಲ್ಲಿ ಅವು ಬದುಕಿ ಬೇರೆ ಅಂಗಕ್ಕೆ ಹೋಗಿ ಬೇರೂರಿದವು. ದಾರಿಯಲ್ಲಿ ಸಾಯಬೇಕಾಗಿದ್ದ ಕಳ್ಳನಿಗೆ ನಾವೇ ಊಟ ಹಾಕಿ ಮುಂದಿನ ಊರಿಗೆ ಕಳಿಸಬೇಕಾ?

2019ರಲ್ಲಿ ಸ್ವೀಡನ್ ಮತ್ತು ನ್ಯೂಯಾರ್ಕಿನ ಎರಡು ತಂಡಗಳು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಬ್ಯಾಕ್-1 ಅನ್ನೋ ಪ್ರೋಟೀನನ್ನು ಹಿಡಿದು ತೋರಿಸಿದವು. ಆಕ್ಸಿಡೀಕರಣದ ಕಾಟ ಕಮ್ಮಿಯಾದರೆ ಇದು ಜೀವಕೋಶದಲ್ಲಿ ಶೇಖರವಾಗುತ್ತೆ, ಕ್ಯಾನ್ಸರ್ ಕೋಶ ಸಕ್ಕರೆ ಸುಟ್ಟುಕೊಂಡು ಊರು ಬಿಟ್ಟು ಹೊರಡೋದಕ್ಕೆ ಇದೇ ಚಾಲನೆ ಕೊಡುತ್ತೆ. ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಹಾಗೇ ಆಗಬೇಕು ಅಂತೇನಿಲ್ಲ. ಆದರೂ ಇಷ್ಟು ತಿಳಿದ ಮೇಲೆ, ಕಾಯಿಲೆಯವರ ಬಾಯಿಗೆ ಡಾಕ್ಟರನ್ನು ಕೇಳದೆ ಹಾಕುವ ಧೈರ್ಯ ನನಗಂತೂ ಇಲ್ಲ.

• ಕೆಮ್ಮು ಕಫಕ್ಕೆ ನೀರಲ್ಲಿ ಹಾಕಿದರೆ ಬುಸ್ಸೆನ್ನುವ ಗುಳಿಗೆ ಕೊಡುತ್ತಾರಲ್ಲ, ಅದರಲ್ಲಿ ಎಷ್ಟೋ ಸಲ ಇರೋದು ಇದೇ ಅಸಿಟೈಲ್‌ಸಿಸ್ಟೀನ್. ಡಾಕ್ಟರು ಬರೆದಿದ್ದರೆ ನಡುವೆ ನಿಲ್ಲಿಸಬೇಡಿ, ಅವರಿಗೆ ಕಾರಣ ಗೊತ್ತಿರುತ್ತೆ. ಆದರೆ ಕ್ಯಾನ್ಸರ್ ಇದೆ ಅನ್ನೋದು ಕೆಮ್ಮಿನ ಡಾಕ್ಟರಿಗೆ ಗೊತ್ತಾ? ಹೇಳಿ. ಹಳೇ ಸ್ಟ್ರಿಪ್ ನೆಚ್ಚಿಕೊಂಡು ನೀವೇ ಮುಂದುವರಿಸಬೇಡಿ.

• ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವ ದಿನಗಳಲ್ಲಿ ಇನ್ನೂ ಬಿಗಿಯಾಗಿರಿ. ರೇಡಿಯೇಷನ್ ಕ್ಯಾನ್ಸರ್ ಕೋಶವನ್ನು ಕೊಲ್ಲೋದೇ ಬಹುಮಟ್ಟಿಗೆ ಆಕ್ಸಿಡೀಕರಣದ ಹೊಡೆತ ಕೊಡುವ ಫ್ರೀ ರಾಡಿಕಲ್ ಎಬ್ಬಿಸಿ. ಆಂಟಿಆಕ್ಸಿಡೆಂಟ್ ಅಡಗಿಸೋದು ಅದನ್ನೇ. ಬೆಳಿಗ್ಗೆ ಅದನ್ನು ಎಬ್ಬಿಸೋಕೆ ಆಸ್ಪತ್ರೆಗೆ ದುಡ್ಡು ಕಟ್ಟಿ, ಸಂಜೆ ಅದನ್ನು ಅಡಗಿಸೋಕೆ ಮೆಡಿಕಲ್ ಶಾಪಿಗೆ ದುಡ್ಡು ಕಟ್ಟೋದು ಯಾವ ಲೆಕ್ಕ? ಕೆನಡಾದ ಕ್ವಿಬೆಕ್‌ನಲ್ಲಿ ತಲೆ, ಕತ್ತಿನ ಕ್ಯಾನ್ಸರಿನ 540 ಜನರ ಮೇಲೆ ಇದನ್ನು ನೋಡಿದ್ದಾರೆ. ವಿಟಮಿನ್ ಇ, ಬೀಟಾ ಕ್ಯಾರೋಟಿನ್ ಎರಡೂ ತಿಂದವರಿಗೆ ರೇಡಿಯೇಷನ್ನಿನ ಅಡ್ಡಪರಿಣಾಮ ಕಮ್ಮಿ ಆಯಿತು. ಅವರು ಹಿಗ್ಗಿರಬೇಕು ಪಾಪ. ಆದರೆ ಗುಳಿಗೆ ತಿನ್ನುತ್ತಿದ್ದ ಕಾಲದಲ್ಲಿ ಹೊಸ ಕ್ಯಾನ್ಸರ್ ಹುಟ್ಟಿದ್ದೂ ವಿಟಮಿನ್ ತಿಂದವರಲ್ಲೇ ಹೆಚ್ಚು. ಕರೆಂಟು ಕೊಡಿಸಿಕೊಳ್ಳುತ್ತಲೇ ಸಿಗರೇಟು ಸೇದಿದವರಿಗಂತೂ ಗುಳಿಗೆ ಸೇರಿ ಕಾಯಿಲೆ ಮರುಕಳಿಸಿದ್ದೂ ಹೆಚ್ಚು, ಸಾವೂ ಹೆಚ್ಚು.

• ಬಾಯಿ ಹುಣ್ಣು, ಗಂಟಲು ಉರಿ ಬಂದರೆ ಅದಕ್ಕೆ ಅಲ್ಲಿಯೇ ಔಷಧಿ ಕೊಡುತ್ತಾರೆ, ಕೇಳಿ. ಅಲ್ಲಿಯತನಕ ಉಪ್ಪು, ಅಡುಗೆ ಸೋಡ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸಲಿ. ಖಾರ, ಹುಳಿ ಬಿಟ್ಟು ಮೆದು ಅನ್ನ, ಮೊಸರು ಕೊಡಿ. ಸಾರಿನ ಖಾರ ಇಲ್ಲದಿದ್ದರೆ ಊಟ ಸೇರಲ್ಲ ಅಂತ ಹಟ ಮಾಡ್ತಾರೆ. ಮಾಡಲಿ ಬಿಡಿ.

• ಕೀಮೋ ನಡೆಯುವಾಗಲೂ ಅಷ್ಟೇ. ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡ 1,100ಕ್ಕೂ ಹೆಚ್ಚು ಜನರನ್ನು ವಿಚಾರಿಸಿ, ವರ್ಷಗಟ್ಟಲೆ ಗಮನಿಸಿ 2020ರಲ್ಲಿ ವರದಿ ಕೊಟ್ಟರು. ಕೀಮೋಗೆ ಮೊದಲೂ ಕೀಮೋ ನಡುವೆಯೂ ಆಂಟಿಆಕ್ಸಿಡೆಂಟ್ ಗುಳಿಗೆ ತಿಂದವರಲ್ಲಿ ಕಾಯಿಲೆ ಮರಳುವ ಕಡೆಗೇ ತಕ್ಕಡಿ ವಾಲಿತ್ತು. ಬಿ12 ಮತ್ತು ಕಬ್ಬಿಣದ ಗುಳಿಗೆ ತಿಂದವರಲ್ಲಿ ಅದು ಇನ್ನೂ ಸ್ಪಷ್ಟ. ಇದು ಗುಳಿಗೆ ಕೊಟ್ಟು ಮಾಡಿದ ಪ್ರಯೋಗ ಅಲ್ಲ, ಕೇಳಿ ತಿಳಿದುಕೊಂಡ ಲೆಕ್ಕ. ಹಾಗಾಗಿ ಗುಳಿಗೆಯೇ ಕಾರಣ ಅಂತ ತೀರ್ಪು ಕೊಡೋಕೆ ಆಗಲ್ಲ. ಆದರೆ ರಕ್ತ ಕಮ್ಮಿ ಅಂತ ಮುಖ ನೋಡಿಯೇ ತೀರ್ಮಾನಿಸಿ ಕಬ್ಬಿಣದ ಗುಳಿಗೆ ತರುವ ಅಭ್ಯಾಸ ಬಿಡಿ. ಪರೀಕ್ಷೆ ಮಾಡಿ ಕಮ್ಮಿ ಇದೆ ಅಂತ ಡಾಕ್ಟರೇ ಬರೆದಿದ್ದರೆ ತಪ್ಪದೆ ಕೊಡಿ. ನಾನು ಹೇಳಿದೆ ಅಂತ ಅದನ್ನು ನಿಲ್ಲಿಸಿ ನನ್ನ ತಲೆಗೆ ತರಬೇಡಿ.

• ಮುಚ್ಚಿಡಬೇಡಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಪುಡಿ, ಲೇಹ್ಯ, ಕಷಾಯದ ಬಾಟಲಿ ಒಂದು ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡಿ. ಹೆಸರು ನೆನಪಿಟ್ಟುಕೊಂಡು ಹೇಳ್ತೀನಿ ಅಂತ ಹೋದವರು ಅಲ್ಲಿ ‘ಅದೇ ಡಾಕ್ಟ್ರೇ, ಹಳದಿ ಬಣ್ಣದ್ದು, ಉದ್ದಕ್ಕಿರುತ್ತಲ್ಲ’ ಅಂತ ತಡವರಿಸುತ್ತಾರೆ. ಬೈತಾರೆ ಅನ್ನೋ ಭಯ ಇದ್ದರೆ ಬೈಸಿಕೊಳ್ಳಿ. ಅವರು ಬೈದು ಮರೆಯುತ್ತಾರೆ, ಗುಳಿಗೆ ಮಾತ್ರ ಒಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತೆ.

• ಅರಿಶಿನವನ್ನು ಸಾರಿಗೆ ಹಾಕಿ, ಪಲ್ಯಕ್ಕೆ ಹಾಕಿ, ಹಾಲಿಗೂ ಚಿಟಿಕೆ ಹಾಕಿ. ಕ್ಯಾಪ್ಸೂಲಿನಲ್ಲಿ ಮಾತ್ರ ಬೇಡ. ಅರಿಶಿನದ ಸಾರ ರಕ್ತಕ್ಕೆ ಚೆನ್ನಾಗಿ ಇಳಿಯಲಿ ಅಂತ ಅದಕ್ಕೆ ಕರಿಮೆಣಸಿನ ಸಾರ ಸೇರಿಸಿರುತ್ತಾರೆ. ಅಂಥದ್ದನ್ನು ತಿಂದು ಲಿವರ್ ಕೆಟ್ಟವರ ವರದಿಗಳು ಬೇರೆ ಬೇರೆ ದೇಶಗಳಿಂದ ಬಂದಿವೆ. ಕೀಮೋದ ಭಾರ ಮೊದಲೇ ಲಿವರಿನ ಮೇಲಿರುತ್ತೆ, ಇನ್ನೊಂದು ಹೊರೆ ಯಾಕೆ?

• ಗ್ರೀನ್ ಟೀ ಕುಡಿಯುವವರು, ಮಯಲೋಮಾ ಅನ್ನೋ ಮೂಳೆಮಜ್ಜೆಯ ಕ್ಯಾನ್ಸರಿಗೆ ಬೋರ್ಟೆಜೊಮಿಬ್ ಇಂಜೆಕ್ಷನ್ ನಡೆಯುತ್ತಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ಹಸಿರು ಚಹಾದ ಸಾರ ಆ ಔಷಧಿಯನ್ನೇ ಕಟ್ಟಿಹಾಕುತ್ತೆ ಅಂತ ಪ್ರಯೋಗಶಾಲೆಯಲ್ಲೂ ಇಲಿಗಳಲ್ಲೂ 2009ರಲ್ಲೇ ಕಂಡಿದ್ದಾರೆ. ಅಷ್ಟು ದುಬಾರಿ ಇಂಜೆಕ್ಷನ್ನು ಒಂದು ಲೋಟ ಚಹಾಕ್ಕೆ ದಂಡವಾಗಬಾರದು.

• ಚಕ್ಕೋತದ ವಿಚಾರದಲ್ಲೂ ಹುಷಾರು. ದೇವನಹಳ್ಳಿ ಚಕ್ಕೋತ ಅಂದರೆ ನನಗೂ ಪ್ರಾಣ. ಆದರೆ ಕ್ಯಾನ್ಸರಿಗೆ ದಿನಾ ನುಂಗುವ ಕೆಲವು ಗುಳಿಗೆಗಳ ಜೊತೆ ಆ ಜಾತಿಯ ಹಣ್ಣು ಕೂಡಿಬರಲ್ಲ, ಔಷಧಿಯ ಪ್ರಮಾಣ ರಕ್ತದಲ್ಲಿ ಏರುಪೇರಾಗುತ್ತೆ. ಗುಳಿಗೆ ಶುರುವಾಗುವ ದಿನವೇ ಕೇಳಿಕೊಂಡು ಬನ್ನಿ. ಇದಕ್ಕೂ ಆಂಟಿಆಕ್ಸಿಡೆಂಟಿಗೂ ಸಂಬಂಧ ಇಲ್ಲ, ಮರೆತೀನು ಅಂತ ಇಲ್ಲೇ ಹೇಳಿದೆ.

• ಲಕ್ಷ್ಮಣ ಫಲ ಒಂದೆರಡು ತೊಳೆ ತಿಂದರೆ ತಿನ್ನಿ, ರುಚಿಯಾದ ಹಣ್ಣು. ಅದರ ಎಲೆ ಕುದಿಸಿ ತಿಂಗಳುಗಟ್ಟಲೆ ಕಷಾಯ ಕುಡಿಸೋದು ಬೇಡ. ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ ಆ ಹಣ್ಣು, ಎಲೆ ಕಷಾಯ ಬಹಳ ಕಾಲ ಬಳಸಿದವರಲ್ಲಿ ಪಾರ್ಕಿನ್ಸನ್ನಿನಂಥ ನರದ ತೊಂದರೆ ಕಂಡಿದೆ. ಗಿಡದಿಂದ ಬಂದದ್ದಾದರೆ ತೊಂದರೆ ಮಾಡಲ್ಲ ಅಂತ ಯಾರು ಹೇಳಿದ್ದು? ಉಮ್ಮತ್ತಿಯೂ ಗಿಡವೇ.

• ‘ಡ್ರಿಪ್ಪಿನಲ್ಲಿ ವಿಟಮಿನ್ ಸಿ ಹಾಕಿಸ್ತೀವಿ, ಕ್ಯಾನ್ಸರ್ ಕರಗುತ್ತೆ’ ಅಂದರೆ ಪರ್ಸು ತೆಗೆಯಬೇಡಿ. ಇದು ಹಳೇ ಕಥೆ. ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್ ಅವರು 1970ರ ದಶಕದಲ್ಲೇ ಸ್ಕಾಟ್ಲೆಂಡಿನ ಡಾಕ್ಟರೊಬ್ಬರ ಜೊತೆ ಸೇರಿ ದಿನಕ್ಕೆ 10 ಗ್ರಾಂ ವಿಟಮಿನ್ ಸಿಯಿಂದ ರೋಗಿಗಳು ಹೆಚ್ಚು ದಿನ ಬದುಕುತ್ತಾರೆ ಅಂದರು. ಅಮೆರಿಕದ ಮೇಯೋ ಕ್ಲಿನಿಕ್‌ನವರು ಅಷ್ಟನ್ನೇ ಬಾಯಿಗೆ ಕೊಟ್ಟು, 1979ರಲ್ಲೊಮ್ಮೆ 1985ರಲ್ಲೊಮ್ಮೆ ಫಲಿತಾಂಶ ಹೇಳಿದರು. ಉಪಯೋಗ ಏನೂ ಕಾಣಲಿಲ್ಲ. ರಕ್ತನಾಳಕ್ಕೆ ನೇರ ಕೊಟ್ಟರೆ ಅದರ ಗುಣವೇ ಬೇರೆಯಾಗುತ್ತೆ ಅಂತ ಈಗಲೂ ಸಂಶೋಧನೆ ನಡೆದಿದೆ, ನಡೆಯಲಿ. ಕಿಡ್ನಿ ದುರ್ಬಲ ಇದ್ದವರಿಗೆ ಅದರಿಂದ ಅಪಾಯ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಹುಟ್ಟಿನಿಂದಲೇ ಇದ್ದವರಿಗೆ ರಕ್ತಕಣಗಳೇ ಒಡೆದುಹೋಗುತ್ತವೆ. ಯಾವ ಪರೀಕ್ಷೆಯೂ ಮಾಡದೆ ಸೂಜಿ ಚುಚ್ಚಲು ಬರುವವರ ಹತ್ತಿರ ತೋಳು ಚಾಚಬೇಡಿ.

• ಮದುವೆ ಗೊತ್ತಾದ ಹೆಣ್ಣುಮಕ್ಕಳಿಗೆ ಬಣ್ಣ ಬರಲಿ ಅಂತ ಗ್ಲುಟಾಥಯೋನ್ ಹಾಕಿಸುವ ತಾಯಂದಿರಿಗೂ ಇಲ್ಲೇ ಒಂದು ಮಾತು. ಅದೂ ಇದೇ ಗುಂಪಿನ ಸಾಮಾನು, ನಮ್ಮ ದೇಹವೇ ತನಗೆ ಬೇಕಾದಷ್ಟು ಮಾಡಿಕೊಳ್ಳುತ್ತೆ. ಆ ದುಡ್ಡಿಗೆ ಒಂದು ಒಳ್ಳೆ ರೇಷ್ಮೆ ಸೀರೆ ಬರುತ್ತೆ.

• ಹಾಗಾದರೆ ತಿನ್ನೋದು ಏನು ಅಂತ ಕೇಳ್ತೀರಿ. ಸೊಪ್ಪು ತಿನ್ನಿ. ದಂಟು, ಹೊನಗೊನ್ನೆ, ಬಸಳೆ, ನುಗ್ಗೆ, ಮೆಂತ್ಯ, ಯಾವುದು ಅಗ್ಗವೋ ಅದು. ಸೊಪ್ಪು ಬೇಯಿಸಿದ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಬಸ್ಸಾರು ಮಾಡಿ. ವಿಟಮಿನ್ ಸಿ ನೀರಿಗೆ ಇಳಿದುಬಿಡುತ್ತೆ, ಬಸಿದು ಚೆಲ್ಲಿದವರು ಅದನ್ನೂ ಚೆಲ್ಲಿದ ಹಾಗೆ. ನಮ್ಮ ಮೈಸೂರು, ಮಂಡ್ಯದ ಕಡೆ ಅಜ್ಜಿಯಂದಿರು ಯಾವ ಪುಸ್ತಕವನ್ನೂ ಓದದೆ ಇದನ್ನು ಮಾಡಿಕೊಂಡು ಬಂದಿದ್ದಾರೆ.

• ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಸಾರವೆಲ್ಲ ಮೋರಿಗೆ.

• ಕ್ಯಾರೆಟ್, ಸಿಹಿಗುಂಬಳ, ಸೊಪ್ಪುಗಳಿಗೆ ಒಗ್ಗರಣೆ ಮರೆಯಬೇಡಿ. ಅವುಗಳ ಬೀಟಾ ಕ್ಯಾರೋಟಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಎಣ್ಣೆ ಬೇಕು. ಒಂದು ಚಮಚ ಸಾಕು, ಬಾಣಲೆ ಈಜಾಡುವಷ್ಟು ಬೇಡ.

• ಡಬ್ಬಿಯ ನುಗ್ಗೆ ಪುಡಿಗೆ ನೂರಾರು ರೂಪಾಯಿ ಕೊಡುವ ಮೊದಲು ಬೀದಿ ಕೊನೆಯ ನುಗ್ಗೆ ಮರ ನೋಡಿ. ಬ್ಲೂಬೆರಿ ಸಿಗಲಿಲ್ಲ ಅಂತ ಕೊರಗುವವರು ಜೂನ್ ತಿಂಗಳಲ್ಲಿ ನೇರಳೆ ತಿನ್ನಿ. ಕರಾವಳಿಯವರಿಗೆ ಪುನರ್ಪುಳಿ ಇದೆ. ಬೆಟ್ಟದ ನೆಲ್ಲಿಕಾಯಿ ಬಂದಾಗ ಉಪ್ಪಲ್ಲಿ ಹಾಕಿಡಿ, ಆದರೆ ಬಿಪಿ ಇರುವವರಿಗೆ ಬಡಿಸುವಾಗ ಕೈ ಹಿಡಿಯಿರಿ.

• ಕೀಮೋದಲ್ಲಿ ಬಿಳಿ ರಕ್ತಕಣ ಇಳಿದ ದಿನಗಳಲ್ಲಿ ಸೊಪ್ಪು, ಹಣ್ಣಿನ ಈ ಮಾತನ್ನು ಸ್ವಲ್ಪ ತಿರುಗಿಸಿಕೊಳ್ಳಿ. ಹಸಿ ಕೋಸಂಬರಿ, ಬೀದಿಯ ಜ್ಯೂಸು, ಗೋಧಿ ಹುಲ್ಲಿನ ಹಸಿ ರಸ, ಹೆಚ್ಚಿಟ್ಟ ಹಣ್ಣು ಬೇಡ. ಸೋಂಕು ತಗುಲಿದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತೆ. ಬೇಯಿಸಿದ್ದು ಕೊಡಿ, ಸಿಪ್ಪೆ ಸುಲಿಯುವ ಹಣ್ಣು ಕೊಡಿ. ಮತ್ತೆ ಬರೀ ಹಣ್ಣು, ಗಂಜಿಯಲ್ಲೇ ಇಡಬೇಡಿ ಪಾಪ. ಮೊಟ್ಟೆ, ಬೇಳೆ, ಮನೆಯ ಮೊಸರು, ತಿನ್ನುವವರಾದರೆ ಮೀನು ಸೇರಲಿ. ತೂಕ ಇಳಿದರೆ ಕೀಮೋ ತಡೆಯುವ ಶಕ್ತಿಯೇ ಇಳಿಯುತ್ತೆ.

• ಗುಳಿಗೆಯೇ ಕೆಟ್ಟದ್ದು ಅಂತ ಹಟ ಹಿಡಿಯಬೇಡಿ. ಚೀನಾದ ಲಿನ್‌ಶಿಯನ್ ಅನ್ನೋ ಕಡೆ ಜನರ ಊಟದಲ್ಲೇ ಈ ಸತ್ವಗಳ ಕೊರತೆ ಇತ್ತು. ಅಲ್ಲಿ ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಸೆಲೆನಿಯಂ ಮೂರನ್ನೂ ಸೇರಿಸಿ ಕೊಟ್ಟಾಗ ಜಠರದ ಕ್ಯಾನ್ಸರಿನ ಸಾವು ಇಳಿದದ್ದು 1993ರಲ್ಲಿ ವರದಿಯಾಗಿದೆ. ಇಲ್ಲದವರಿಗೆ ಕೊಟ್ಟರೆ ಒಂದು, ಉಣ್ಣುವವರಿಗೆ ಮೇಲಿಂದ ಸುರಿದರೆ ಇನ್ನೊಂದು. ನಿಮ್ಮವರು ಯಾವ ಸಾಲಿನವರು ಅಂತ ರಕ್ತಪರೀಕ್ಷೆ ಹೇಳುತ್ತೆ, ವಾಟ್ಸಾಪ್ ಹೇಳಲ್ಲ.

• ಕಾಯಿಲೆಯವರನ್ನು ನೋಡಲು ಹೋಗುವಾಗ ಡಬ್ಬಿ ಒಯ್ಯಬೇಡಿ, ಕ್ಯಾರಿಯರ್ ಒಯ್ಯಿರಿ. ರಾಯಚೂರು, ಬೀದರ್ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದವರಿಗೆ ಹದವಾದ ಅನ್ನ, ತಿಳಿಸಾರು, ಅವರ ಕಡೆಯ ರೊಟ್ಟಿ ಸಿಕ್ಕರೆ ಕಣ್ಣಲ್ಲಿ ನೀರು ಬರುತ್ತೆ. ಜೊತೆಗೆ ಬಂದವರು ಉಂಡಿದ್ದಾರಾ ಅಂತಲೂ ಕೇಳಿ. ಅವರನ್ನು ಯಾರೂ ಕೇಳಿರಲ್ಲ. ಬಸ್ಸಿನ ಖರ್ಚಿಗೆ ಅಂತ ಒಂದಿಷ್ಟು ದುಡ್ಡು ಕೈಯಲ್ಲಿಟ್ಟರೆ ಇನ್ನೂ ಒಳ್ಳೆಯದು, ಸಂಕೋಚ ಮಾಡ್ಕೋತಾರೆ, ಫೈಲಿನೊಳಗೆ ಇಟ್ಟು ಬನ್ನಿ.

• ಡಬ್ಬಿ ತಂದವರ ಮನಸ್ಸು ನೋಯಿಸಬೇಡಿ. ‘ಡಾಕ್ಟರನ್ನು ಕೇಳಿ ಶುರು ಮಾಡ್ತೀವಿ’ ಅಂತ ಹೇಳಿ ತೆಗೆದಿಡಿ. ಮರುವಾರ ಫೋನ್ ಮಾಡಿ ‘ಕೊಟ್ರಾ?’ ಅಂತ ಕೇಳಿದರೆ ‘ಡಾಕ್ಟರು ಬೇಡ ಅಂದ್ರು’ ಅನ್ನಿ. ಡಾಕ್ಟರ ಹೆಸರು ಇಂಥದ್ದಕ್ಕೆ ಬಹಳ ಉಪಯೋಗಕ್ಕೆ ಬರುತ್ತೆ.

• ಚಿಕಿತ್ಸೆ ಮುಗಿಯಿತು ಅಂತ ಮರುದಿನವೇ ಹಳೇ ಡಬ್ಬಿಗಳನ್ನು ಕೆಳಗಿಳಿಸಬೇಡಿ. ಫಾಲೋಅಪ್‌ಗೆ ಹೋಗುವ ಹಿಂದಿನ ಸಂಜೆ ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ: ಯಾವ ಗುಳಿಗೆ ಮುಂದುವರಿಸಬೇಕು, ಯಾವುದು ನಿಲ್ಲಿಸಬೇಕು, ಹೊಸದಾಗಿ ಏನಾದರೂ ತೆಗೆದುಕೊಳ್ಳುವ ಮುಂಚೆ ಯಾರಿಗೆ ಫೋನ್ ಮಾಡಬೇಕು. ಚೀಟಿಯನ್ನು ಫೈಲಿನ ಮೊದಲ ಪುಟಕ್ಕೆ ಪಿನ್ ಹಾಕಿ. ಸ್ಕ್ಯಾನ್ ವರದಿ ಚೆನ್ನಾಗಿದೆ ಅಂದ ತಕ್ಷಣ ಖುಷಿಯಲ್ಲಿ ಎಲ್ಲ ಮರೆತು ಎದ್ದು ಬಂದುಬಿಡ್ತೀರಿ. ಡಾಕ್ಟರು ಮುಂದಿನವರ ಹೆಸರು ಕೂಗಿಸುವ ಮೊದಲು ಆ ಮೂರೂ ಕೇಳಿ, ಉತ್ತರ ಅಲ್ಲೇ ಬರೆದುಕೊಳ್ಳಿ.